ಗುಲಾಬಿ ಹನಿ ಬೆಚ್ಚಗಾಗುವ ತನಕ

ಜಮಖಂಡಿ ಬಸ್ ಸ್ಟ್ಯಾಂಡ್

ನಮ್ಮ ಕಡೆ ಯಾರಾದರೂ ಪರದೇಶಕ್ಕೆ ಹೊರಟರೆ ಅರ್ಧ ಓಣಿ ಬಸ್ ಸ್ಟ್ಯಾಂಡಿಗೆ ಬರುತ್ತದೆ. ನನ್ನನ್ನು ಕಳಿಸಲು ಬಂದವನು ಬಸಪ್ಪ ಒಬ್ಬನೇ. ಅವನು ಬಂದದ್ದೂ ರಜೆ ಅರ್ಜಿಯಲ್ಲಿ ನನ್ನ ಒಂದು ಸಹಿ ಬಿಟ್ಟುಹೋಗಿತ್ತೆಂದು.

"ಅಕ್ಕಾರ, ಇಲ್ಲೊಂದ ಸಹಿ ಹಾಕ್ರಿ. ಅಲ್ಲೆ ಥಂಡಿ ಬಾಳ ಅಂತ, ಕಿವಿಗಿ ಏನರ ಕಟ್ಕೊಳ್ರಿ" ಎಂದ. ಬಸ್ಸು ಬಿಡುವ ತನಕ ನಿಲ್ಲುತ್ತಾನೇನೋ ಎಂದುಕೊಂಡೆ. "ಲ್ಯಾಬ್ ತೆರದಿಟ್ಟ ಬಂದೇನ್ರಿ" ಎನ್ನುತ್ತ ಹೋಗಿಯೇಬಿಟ್ಟ.

ನಾನು ಬನಹಟ್ಟಿಯವಳು. ಜಮಖಂಡಿಯಲ್ಲಿ ದನಕರುಗಳ ರಕ್ತ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಟೆಕ್ನಿಷಿಯನ್. ಬಸಪ್ಪ ನನಗಿಂತ ಮೊದಲಿನಿಂದಲೂ ಅಲ್ಲಿ ಜವಾನ, ಮುಂದಿನ ವರ್ಷ ರಿಟೈರ್ ಆಗುವವನು. ನನ್ನ ಮದುವೆ ಆಗಲಿಲ್ಲ, ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ಅವ್ವ ಹೋಗಿ ಒಂದು ವರ್ಷವಾಯಿತು. ಅಂದಿನಿಂದ ನಾನು ಎಲ್ಲಿಗೆ ಹೋದೆ, ಯಾವಾಗ ಬಂದೆ ಎಂಬ ಲೆಕ್ಕ ಇಡುವವರು ಯಾರೂ ಇಲ್ಲ.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಂದು ರೋಗ ಅಂತ ಒಂದಿದೆ. ಗಬ್ಬದ ಆಕಳು, ಎಮ್ಮೆ, ಆಡು ದಿನ ತುಂಬುವ ಮೊದಲೇ ಕಂದು ಹಾಕುತ್ತವೆ. ಹಸಿ ಹಾಲಿನಿಂದ, ಸತ್ತ ಕರು ಎಳೆದ ಬರಿಗೈಯಿಂದ ಅದು ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಜ್ವರ, ಮೈ ತೊಯ್ಯುವ ಬೆವರು, ಸಂದು ನೋವು, ಬಸುರಿಯರಿಗೆ ಇನ್ನೂ ಕೆಟ್ಟದ್ದು. ಅನಗವಾಡಿಯ ಒಂದು ಹಟ್ಟಿಯಿಂದ ನನಗೂ ಒಮ್ಮೆ ಬಂದಿತ್ತು. ಮೂರು ತಿಂಗಳು ಅವ್ವ ನನ್ನ ಹಾಸಿಗೆಯ ತೊಯ್ದ ಚಾದರ ಬದಲಿಸಿದ್ದಳು.

ಇದನ್ನು ಹಿಡಿಯಲು ನಮ್ಮ ಬಳಿ ಇರುವುದು ರೋಸ್ ಬೆಂಗಾಲ್ ಎಂಬ ಗುಲಾಬಿ ಬಣ್ಣದ ಔಷಧ. ಬಿಳಿ ತಟ್ಟೆಯ ಮೇಲೆ ರಕ್ತದ ತಿಳಿ ಒಂದು ಹನಿ, ಗುಲಾಬಿ ಔಷಧ ಒಂದು ಹನಿ ಕೂಡಿಸಿ, ನಾಲ್ಕು ನಿಮಿಷ ತಟ್ಟೆ ತೂಗುವುದು. ರೋಗವಿದ್ದರೆ ಹನಿ ಒಡೆದು ರವೆಯ ಹಾಗೆ ಕಾಳು ಕಟ್ಟುತ್ತದೆ. ಇಲ್ಲದಿದ್ದರೆ ನುಣ್ಣಗೆ ಇರುತ್ತದೆ. ಯಂತ್ರ ಬೇಡ, ಕರೆಂಟು ಬೇಡ. ಬೀಳಗಿಯ ಯಾವ ಹಳ್ಳಿಯ ಕಟ್ಟೆಯ ಮೇಲೂ ಕುಳಿತು ಮಾಡಬಹುದು.

ಮಂಗೋಲಿಯಾದಲ್ಲಿ ಒಂದೇ ರಕ್ತವನ್ನು ಮೂರು ಬಗೆಯಲ್ಲಿ ಪರೀಕ್ಷಿಸಿ, ದೂರದ ಹಳ್ಳಿಗಳಲ್ಲಿ ಯಾವುದನ್ನು ನಂಬಬಹುದು ಎಂದು ತೂಗಿ ನೋಡುವ ಕೆಲಸ ನಡೆದಿತ್ತು. ಉಳಿದೆರಡು ರಾಜಧಾನಿಯ ಯಂತ್ರಗಳಲ್ಲಿ ಆಗುವಂಥವು. ಗುಲಾಬಿ ಹನಿ ಓದಲು ಹೊರದೇಶದ, ಕೈ ಪಳಗಿದ ಒಬ್ಬರು ಬೇಕಿದ್ದರು. ಹೋಗಬೇಕಾದವರು ಲ್ಯಾಬಿನ ಮುಖ್ಯ ಡಾಕ್ಟರು, ನಮ್ಮ ಸಾಹೇಬರು. ಅವರ ಮೊಣಕಾಲು ಕೈಕೊಟ್ಟಿತು. ಹಾಗಾಗಿ ನಾನು.

ಉಲಾನ್‌ಬಾತರ್

ವಿಮಾನ ಇಳಿದ ಕೂಡಲೇ ಎಲ್ಲರೂ ಫೋನು ತೆಗೆದರು. ಯಾವ ಭಾಷೆಯಾದರೇನು, ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ನಾನು ಮುಧೋಳದ ಕ್ಯಾಂಪಿಗೆ ಹೋದರೂ ಅವ್ವನಿಗೆ "ಮುಟ್ಟಿದೆ" ಎಂದು ಫೋನು ಹಚ್ಚಬೇಕಿತ್ತು. ತಡವಾದರೆ ಸಾಹೇಬರಿಗೇ ಹಚ್ಚಿ ನನ್ನ ಮಾನ ತೆಗೆಯುತ್ತಿದ್ದಳು. ಈಗ ಫೋನು ಹಿಡಿದು ನಿಂತೆ, ಯಾರಿಗೆ ಹಚ್ಚಬೇಕೆಂದು ತಿಳಿಯಲಿಲ್ಲ. ಕೊನೆಗೆ ಲ್ಯಾಬಿನ ಗ್ರೂಪಿಗೆ ಒಂದು ಸಾಲು ಹಾಕಿದೆ. ನಾಲ್ಕು ಹೆಬ್ಬೆರಳು ಬಂದವು. ಐದನೆಯದಾಗಿ ಬಸಪ್ಪನ ದನಿ: "ಅಕ್ಕಾರ, ಕಪಾಟದ ಕೀಲಿಕೈ ನಿಮ್ಮ ಕಡೆ ಐತೇನ್ರಿ? ರಿಜಿಸ್ಟರ್ ಎಲ್ಲಾ ಒಳಗ ಅದಾವು."

ಬ್ಯಾಗಿನ ಸಣ್ಣ ಕಿಸೆಯಲ್ಲಿ ಕೈಯಾಡಿಸಿದೆ. ಇತ್ತು. ಸಾವಿರಾರು ಮೈಲಿ ದೂರ ಲ್ಯಾಬಿನ ಕೀಲಿಕೈ ಹೊತ್ತು ತಂದಿದ್ದೆ.

ನನ್ನನ್ನು ಕರೆದೊಯ್ಯಲು ಬಂದವಳು ಒಯುನ್. ದನದ ಡಾಕ್ಟರು, ನಲವತ್ತರ ಆಸುಪಾಸು, ಜೀಪು ತಾನೇ ಓಡಿಸುತ್ತಾಳೆ. ನಾವು ಆಡಿದ್ದು ಇಬ್ಬರಿಗೂ ಅರ್ಧಂಬರ್ಧ ಬರುವ ಇಂಗ್ಲಿಷು. ಇಲ್ಲಿ ಅದನ್ನು ಕನ್ನಡ ಮಾಡಿ ಬರೆದಿದ್ದೇನೆ, ನಮ್ಮ ವ್ಯಾಕರಣ ಸ್ವಲ್ಪ ಸುಧಾರಿಸಿ ಕಾಣುತ್ತದೆ.

ಊಟಕ್ಕೆ ಕೂತಾಗ ನಾನು ಮಾಂಸ ತಿನ್ನುವುದಿಲ್ಲ ಎಂದೆ. "ಹುಷಾರಿಲ್ಲವೇ?" ಎಂದಳು. ಹುಟ್ಟಿದಾಗಿನಿಂದ ತಿಂದಿಲ್ಲ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನಾನೇನು ಬಡಕಲು ಮೈಯವಳಲ್ಲ, ಅದೇ ಅವಳಿಗೆ ಬಿಡಿಸಲಾಗದ ಒಗಟು. ಬ್ಯಾಗು ತೆರೆದು ಕಟಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ತೋರಿಸಿದೆ. ಈ ಸಲ ರೊಟ್ಟಿ ನಾನೇ ಬಡಿದಿದ್ದೆ. ಅವ್ವನ ರೊಟ್ಟಿಯ ಅರ್ಧ ತೆಳುವೂ ಬಂದಿರಲಿಲ್ಲ.

ಹುಲ್ಲುಗಾವಲಿನ ಊರು

ಒಂದು ಇಡೀ ಹಗಲು ಜೀಪಿನಲ್ಲಿ ಹೋದೆವು. ನಮ್ಮ ಹಿಪ್ಪರಗಿಯ ಕಡೆ ಕಬ್ಬಿನ ನಡುವೆ ಹತ್ತು ಹೆಜ್ಜೆ ಮುಂದೇನಿದೆ ಕಾಣುವುದಿಲ್ಲ. ಇಲ್ಲಿ ಕಣ್ಣಿಗೆ ಅಡ್ಡ ಬರುವ ಒಂದು ಗಿಡವೂ ಇಲ್ಲ. ಒಣಗಿದ ಹಳದಿ ಹುಲ್ಲು, ಅದರಾಚೆ ಹುಲ್ಲು, ಅದರಾಚೆ ಆಕಾಶ.

ನಾವು ತಂಗಿದ ಊರಿನಲ್ಲಿ ಒಂದು ಶಾಲೆ, ಒಂದು ಅಂಗಡಿ, ದನದ ದವಾಖಾನೆ, ಬಣ್ಣದ ತಗಡಿನ ನಲವತ್ತೈವತ್ತು ಮನೆ. ದವಾಖಾನೆಯ ಪಕ್ಕದ ಕೋಣೆ ನನಗೆ. ಜೀಪು ನಿಂತು ಎಂಜಿನ್ ಆರಿದಾಗ ಏನೋ ಕೆಟ್ಟಂತೆ ಆಯಿತು. ಆಮೇಲೆ ತಿಳಿಯಿತು, ಸದ್ದಿಲ್ಲ. ಬನಹಟ್ಟಿಯಲ್ಲಿ ನಮ್ಮ ಮನೆಯ ಎರಡೂ ಬದಿಗೆ ಪವರ್‌ಲೂಮು. ಆ ಖಟಖಟಕ್ಕೆ ಜೀವಮಾನವೆಲ್ಲ ಬೈದಿದ್ದೇನೆ. ಇಲ್ಲಿ ನನ್ನ ಉಸಿರು ನನಗೇ ಕೇಳುತ್ತಿತ್ತು. ಅದು ಬೇಡವಾಗಿತ್ತು.

ದುಲ್ಮಾಳ ಡೇರೆ

ರಕ್ತ ತೆಗೆಯಲು ನಾವು ಮೊದಲು ಹೋದದ್ದು ದುಲ್ಮಾ ಎಂಬ ಹೆಂಗಸಿನ ಡೇರೆಗೆ. ಉಣ್ಣೆಯ ದುಂಡನೆಯ ಡೇರೆ, ನಡುವೆ ಕಬ್ಬಿಣದ ಒಲೆ, ಉರುವಲು ಒಣ ಸಗಣಿ. ಅದರ ಹೊಗೆಯ ವಾಸನೆಗೆ ಒಮ್ಮೆ ಕಣ್ಣು ತುಂಬಿತು. ನಮ್ಮ ಕುಳ್ಳಿನ ವಾಸನೆಯೇ.

ಅಲ್ಲಿ ಬಾಗಿಲು ತಟ್ಟುವುದಿಲ್ಲ. ದೂರದಿಂದಲೇ "ನಾಯಿ ಹಿಡಿಯಿರಿ" ಎಂದು ಕೂಗಬೇಕು, ಅದೇ ನಮಸ್ಕಾರ. ದಾರಿಯುದ್ದಕ್ಕೂ ಒಯುನ್‌ಗೆ ನಮ್ಮ ಮುಧೋಳದ ನಾಯಿಯ ಬಗ್ಗೆ ಕೊಚ್ಚಿಕೊಂಡಿದ್ದೆ, ನಮ್ಮ ಸೀಮೆಯವರಿಗೆ ನಾಯಿ ಅಂದರೆ ಲೆಕ್ಕಕ್ಕಿಲ್ಲ ಎಂದು. ಕರಡಿಯಂಥ ಒಂದು ಕರಿ ನಾಯಿ ಓಡಿಬಂತು. ಅದನ್ನು ಹಿಡಿದು ಕಟ್ಟುವ ತನಕ ನಾನು ಜೀಪಿನ ಗಾಜು ಏರಿಸಿಕೊಂಡು ಒಳಗೇ ಕುಳಿತಿದ್ದೆ. ಒಯುನ್ ನಕ್ಕಳು.

ದುಲ್ಮಾಗೆ ಅರವತ್ತಿರಬೇಕು. ಮೊದಲ ಮಾತಿಗೇ "ನಿಮ್ಮ ದನಗಳು ಚೆನ್ನಾಗಿ ಮೈ ಹಿಡಿದಿವೆಯೇ?" ಎಂದು ಕೇಳಿದಳು. ಅಲ್ಲಿ ಚಳಿಗಾಲಕ್ಕೆ ಮುಂಚಿನ ಈ ಕಾಲದಲ್ಲಿ ಕ್ಷೇಮ ಕೇಳುವುದೇ ಹಾಗೆ. ನನಗೆ ದನಗಳಿಲ್ಲ ಎಂದೆ. ಮತ್ತೆ ಯಾರಿದ್ದಾರೆ ಎಂದಳು. ಯಾರೂ ಇಲ್ಲ ಎಂದೆ. ಒಯುನ್ ಅದನ್ನು ಅವರ ಭಾಷೆಯಲ್ಲಿ ಹೇಳಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ದುಲ್ಮಾ ನನ್ನ ಬಟ್ಟಲಿಗೆ ಅಂಚಿನ ತನಕ ಚಹಾ ಸುರಿದಳು. ಬಾಯಿಗಿಟ್ಟರೆ ಉಪ್ಪು! ಸಕ್ಕರೆಯ ಡಬ್ಬಿ ಬದಲಾಗಿದೆ ಎಂದೇ ತಿಳಿದೆ. ಹಾಲು ಹಾಕಿದ ಉಪ್ಪಿನ ಚಹಾ ಅವರ ರೂಢಿ. ನಾನು ರೊಟ್ಟಿ ಮುರಿದು ಕೊಟ್ಟಾಗ ದುಲ್ಮಾ ಅದನ್ನು ಆ ಚಹಾದಲ್ಲಿ ಅದ್ದಿ ತಿಂದು ತಲೆಯಾಡಿಸಿದಳು. ನಾನೂ ಹಾಗೇ ತಿಂದು ನೋಡಿದೆ. ತಪ್ಪೇನಿಲ್ಲ.

ಸೊಸೆ ನಾರಾ ಹೊರಗೆ ನಮ್ಮ ಜೊತೆ ಆಕಳು ಹಿಡಿದಳು. ಆರು ತಿಂಗಳ ಬಸುರಿ. ಅವಳ ಗಂಡ ಕುದುರೆಗಳ ಹಿಂದೆ ದೂರ ಹೋಗಿದ್ದ. ಕೆಲಸ ಮುಗಿದ ಮೇಲೆ ದುಲ್ಮಾ ಒಯುನ್‌ಳ ತೋಳು ಹಿಡಿದು ನಿಧಾನವಾಗಿ ಹೇಳಿದಳು. ಹೋದ ವರ್ಷದ ವಸಂತದಲ್ಲಿ ಎರಡು ಆಕಳು ಕಂದು ಹಾಕಿದವು. ನಾರಾ ಬರಿಗೈಯಲ್ಲಿ ಎಳೆದಳು. ಆಮೇಲೆ ಅವಳ ಬಸಿರೂ ನಿಲ್ಲಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ಯಾರೂ ಪರೀಕ್ಷೆ ಮಾಡಿರಲಿಲ್ಲ.

"ಈ ಸಲ ನಾನೇ ಹಿಂಡುತ್ತಿದ್ದೇನೆ, ಅವಳಿಗೆ ಕೆಚ್ಚಲಿಗೆ ಕೈ ಹಚ್ಚಲು ಬಿಟ್ಟಿಲ್ಲ. ನನ್ನ ಬೆರಳು ಮಡಚುವುದಿಲ್ಲ. ಅವಳು ಹಿಂಡಬಹುದೋ ಬೇಡವೋ, ಅಷ್ಟು ಹೇಳಿ" ಎಂದಳು.

ಒಯುನ್ ನನ್ನ ಕಡೆ ಕೈ ತೋರಿಸಿ, "ಇವಳು ಹೇಳುತ್ತಾಳೆ" ಎಂದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ಹಾಗೆ ಯಾರೂ ತೋರಿಸಿರಲಿಲ್ಲ. ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಮೂರು ಮುಂಜಾನೆ

ರಕ್ತದ ಸೀಸೆಗಳ ಮೇಲೆ ಬರಿ ಸಂಖ್ಯೆ. ಯಾವ ಸಂಖ್ಯೆ ಯಾರ ಮನೆಯದು ಎಂಬುದು ಒಯುನ್‌ಳ ಪುಸ್ತಕದಲ್ಲಿ ಮಾತ್ರ. ನಾನು ಓದಿ ಬರೆದುಕೊಡುವುದು, ಅವಳು ಒಂದು ಪ್ರತಿ ರಾಜಧಾನಿಗೆ ಕಳಿಸುವುದು, ಕೇಳಿದ ಮನೆಯವರಿಗೆ ತಿಳಿಸುವುದು.

ಜಮಖಂಡಿಯ ಬೇಸಿಗೆಯಲ್ಲಿ ನಮ್ಮ ದೊಡ್ಡ ವೈರಿ ಬಿಸಿಲು. ಔಷಧ ಬಿಸಿಯಾದರೆ ಕೆಟ್ಟಿತು. ಆದ್ದರಿಂದ ನಾನು ತಂಪು ಹೊತ್ತಿನಲ್ಲಿ ಕೆಲಸ ಮುಗಿಸುವವಳು. ಔಷಧವನ್ನು ಫ್ರಿಜ್ಜಿನಿಂದ ತೆಗೆದು ಅರ್ಧ ತಾಸು ಹೊರಗಿಟ್ಟರೆ ಹದಕ್ಕೆ ಬರುತ್ತದೆ, ಮೇಲೆ ಒಂದು ನಿಮಿಷವೂ ಇಡುವುದಿಲ್ಲ. ಅಲ್ಲೂ ಹಾಗೇ ಮಾಡಿದೆ. ಒಯುನ್ ಬರುವ ಮೊದಲೇ, ಆರು ಗಂಟೆಗೆ ಎದ್ದು ದವಾಖಾನೆಯ ಮೇಜಿಗೆ ಕೂಡುತ್ತಿದ್ದೆ. ಒಲೆ ಇತ್ತು, ಸಗಣಿ ಇತ್ತು, ಹಚ್ಚಲು ನನಗೆ ಬರುತ್ತಿತ್ತು. ಕೋಣೆ ಬಿಸಿಯಾದರೆ ಔಷಧ ಕೆಟ್ಟೀತೆಂದು ಹಚ್ಚಲಿಲ್ಲ. ಕೋಟು, ಮಫ್ಲರ್, ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಕಿಟಕಿಯ ಗಾಜಿನ ಒಳಮೈಗೆ ಕಟ್ಟಿದ ಮಂಜು ನೋಡುತ್ತ, ಇಂಥ ತಂಪು ನಮ್ಮಲ್ಲಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತ ತಟ್ಟೆ ತೂಗಿದೆ.

ಮೂರು ಮುಂಜಾನೆ. ಒಂದು ಹನಿಯೂ ಕಾಳು ಕಟ್ಟಲಿಲ್ಲ.

ದುಲ್ಮಾ ಗುಡ್ಡ ಹತ್ತಿ ಫೋನು ಮಾಡಿದಾಗ ಒಯುನ್ ರೋಗವಿಲ್ಲ, ನಾರಾ ಹಿಂಡಬಹುದು ಎಂದಳು. ಆ ಕಡೆಯಿಂದ ಹೆಂಗಸರಿಬ್ಬರ ನಗು ನನಗೂ ಕೇಳಿತು. ಮರುದಿನದಿಂದಲೇ ನಾರಾ ಬಕೀಟು ಹಿಡಿದು ಹಿಂಡಲು ಕೂತಳಂತೆ. ಅಂದು ನಾನು ಒಬ್ಬಳೇ ಹುಲ್ಲಿನಲ್ಲಿ ಬಹಳ ದೂರ ನಡೆದು ಬಂದೆ. ಈ ನಗುವಿನ ಸುದ್ದಿ ಯಾರಿಗಾದರೂ ಹೇಳಬೇಕೆನಿಸಿತ್ತು. ಹೇಳಲು ಯಾರಿದ್ದರು?

ಬಸಪ್ಪನ ಫೋನು

ನಾಲ್ಕು ದಿನದ ಮೇಲೆ ಮಧ್ಯಾಹ್ನ ಬಸಪ್ಪ ಫೋನು ಮಾಡಿದ.

"ಅಕ್ಕಾರ, ಸಾಹೇಬ್ರು ಕಪಾಟದ ಕೀಲಿ ಒಡದ ಬಿಡು ಅನ್ನಾಕತ್ತಾರ. ಒಡೀಲ್ಯಾ?"

"ಒಡಿ ಬಸಪ್ಪಣ್ಣ. ಛಲೋ ಕೀಲಿ ಇತ್ತು."

"ಅಲ್ಲೆ ಕೆಲಸ ಹೆಂಗ ನಡದೈತ್ರಿ?"

ಯಾರೋ ಕೇಳಿದರಲ್ಲ ಎಂದು ನಾನು ಸಡಗರದಿಂದ ಶುರು ಮಾಡಿದೆ. "ಛಲೋ ನಡದೈತಿ. ಮುಂಜಾನೆ ಆರಕ್ಕ ಕುಂತ ಮುಗಸಾಕತ್ತೇನಿ, ನಮ್ಮಲ್ಲೆ ಮಾಡಿಧಂಗನ. ಬಿಸಲಿನ ಅಂಜಿಕಿ ಇಲ್ಲ. ಕೈ ಸೆಟದ ಹೋಗ್ತಾವು, ಅಷ್ಟ."

"ಒಲಿ ಹಚ್ಚೂದಿಲ್ಲೇನ್ರಿ?"

"ಔಷಧ ಕೆಡತೈತಿ ಅಂತ ಹಚ್ಚಿಲ್ಲ."

"ಅಲ್ರೀ ಅಕ್ಕಾರ, ನಿಮ್ಮ ಕೈನ ಸೆಟದ ಹೋಗಾಕತ್ತಾವು ಅಂದ್ರ ಆ ಔಷಧ ಹೆಂಗ ಹದಕ್ಕ ಬರತೈತ್ರಿ? ಅರ್ಧ ತಾಸ ಹೊರಗಿಡೂದು ಬೆಚ್ಚಗ ಆಗಲಿ ಅಂತಲ್ಲೇನ್ರಿ? ಒಮ್ಮೆ ನಾ ಗಡಿಬಿಡ್ಯಾಗ ಥಂಡ ಇದ್ದದ್ದ ಕೊಟ್ಟಿದ್ದಕ್ಕ ನೀವು ನನಗ ಎಷ್ಟ ಬೈದಿದ್ರಿ."

ಖರೆ. ತಣ್ಣಗಿದ್ದರೆ ಆ ಹನಿ ಮಂಕಾಗುತ್ತದೆ, ರೋಗವಿದ್ದರೂ ಕಾಳು ಕಟ್ಟುವುದಿಲ್ಲ. ಜಮಖಂಡಿಯಲ್ಲಿ ಹೊರಗೆ ಅಂದರೆ ಬೆಚ್ಚಗೆ ಎಂದೇ ಅರ್ಥ. ಈ ಊರಿನಲ್ಲಿ ಹೊರಗಿಟ್ಟರೂ ಒಂದೇ, ಫ್ರಿಜ್ಜಿನಲ್ಲಿಟ್ಟರೂ ಒಂದೇ. ಮೇಜಿನ ಎದುರಿನ ಗೋಡೆಗೆ ಕುದುರೆಯ ಚಿತ್ರವಿದ್ದ ಒಂದು ಥರ್ಮಾಮೀಟರು ತೂಗುಹಾಕಿತ್ತು. ಅಲಂಕಾರಕ್ಕಿದೆ ಎಂದು ನಾನು ಅದರ ಕಡೆ ನೋಡಿಯೇ ಇರಲಿಲ್ಲ.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅಂದು ಸಂಜೆಯ ತನಕ ನಾನು ಒಯುನ್‌ಗೆ ಹೇಳಲಿಲ್ಲ. ಹೇಳದಿದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕುತ್ತ ಕುಳಿತೆ. ರಾಜಧಾನಿಯ ಯಂತ್ರಗಳ ಉತ್ತರ ಬರಲು ತಿಂಗಳುಗಳು ಬೇಕು. ಆಗ ನಾನು ಬನಹಟ್ಟಿಯಲ್ಲಿರುತ್ತೇನೆ. ಎರಡೂ ಉತ್ತರ ತಾಳೆಯಾಗದಿದ್ದರೆ ಯಾರೂ ನನ್ನನ್ನು ಬೈಯುವುದಿಲ್ಲ, ಗುಲಾಬಿ ಹನಿಯನ್ನು ಬೈಯುತ್ತಾರೆ. ಇದನ್ನು ನಂಬಬೇಡಿ, ಹಳ್ಳಿಗೆ ಇದು ಸಾಲದು ಎಂದು ಬರೆಯುತ್ತಾರೆ. ಇಷ್ಟು ವರ್ಷ ಬೀಳಗಿಯ ಹಟ್ಟಿಗಳಲ್ಲಿ ನನ್ನ ಕೈ ಹಿಡಿದ ಔಷಧಕ್ಕೆ ನನ್ನ ತಪ್ಪಿನ ಮಸಿ. ಒಮ್ಮೆ ಯಾರೋ ನನ್ನನ್ನು ತೋರಿಸಿ "ಇವಳು ಹೇಳುತ್ತಾಳೆ" ಎಂದಿದ್ದರಲ್ಲ, ಆ ಒಂದು ಮಾತನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ. ಅಷ್ಟರಲ್ಲಿ ಹೊರಗೆ ದನಗಳು ಮನೆಗೆ ತಿರುಗಿದವು. ಸಂಜೆಯ ಹಿಂಡುವ ಹೊತ್ತು. ನಾರಾ ಈಗ ಕೂತಿರುತ್ತಾಳೆ ಎಂದು ಹೊಳೆಯಿತು. ಎದ್ದು ಓಡಿದೆ.

ಒಯುನ್ ಎಲ್ಲ ಕೇಳಿದಳು. ಬೈಯಲಿಲ್ಲ. ದುಲ್ಮಾಗೆ ಫೋನು ಹಚ್ಚಿದಳು, ಹತ್ತಲಿಲ್ಲ. ಆ ಬಯಲಿನಲ್ಲಿ ಒಂದು ಗುಡ್ಡ ಹತ್ತಿದರೆ ಮಾತ್ರ ಫೋನು ಹತ್ತುತ್ತದೆ. "ನೀನು ಒಲೆ ಹಚ್ಚಿಕೊಂಡಿರುತ್ತೀ ಎಂದುಕೊಂಡಿದ್ದೆ. ನಾನೂ ಬಂದು ನೋಡಬೇಕಿತ್ತು" ಎಂದು ಹೇಳಿ, ಬಗ್ಗಿ ಒಲೆ ಹಚ್ಚಿದಳು.

ಕೋಣೆ ಬೆಚ್ಚಗಾಗುವ ತನಕ ಇಬ್ಬರೂ ಆ ಕುದುರೆಯ ಥರ್ಮಾಮೀಟರನ್ನೇ ನೋಡುತ್ತ ಕುಳಿತೆವು. ಔಷಧದ ಸೀಸೆ ಮುಟ್ಟಿ ಮುಟ್ಟಿ ನೋಡಿದೆ. ಆಮೇಲೆ ಒಂದೊಂದೇ ಹನಿ. ಬಹಳಷ್ಟು ಮೊದಲಿನ ಹಾಗೇ ನುಣ್ಣಗೆ ಉಳಿದವು. ಮೂರು ಮಾತ್ರ ಎರಡನೆಯ ನಿಮಿಷಕ್ಕೇ ಒಡೆದು ಕಾಳು ಕಟ್ಟಿದವು. ಒಯುನ್ ಪುಸ್ತಕ ತೆರೆದು ಬೆರಳು ಇಳಿಸುತ್ತ ಹೋದಳು. ಎರಡು ಬೇರೆಯವರವು. ಮೂರನೆಯದು ದುಲ್ಮಾಳ ಆಕಳು, ಹಣೆಯ ಮೇಲೆ ಬಿಳಿ ಇದ್ದ ಕೆಂಪು ಆಕಳು.

ಮತ್ತೆ ದುಲ್ಮಾಳ ಡೇರೆ

ಬೆಳಗಾದೊಡನೆ ಹೊರಟೆವು. "ಹೇಳುವವರು ಯಾರು?" ಎಂದಳು ಒಯುನ್. ನಾನೇ ಎಂದೆ.

ನಾವು ಹೋದಾಗ ನಾರಾ ಅದೇ ಆಕಳ ಪಕ್ಕ ಕೂತಿದ್ದಳು. ಒಯುನ್ ಅವಳ ಭುಜ ಹಿಡಿದು ಎಬ್ಬಿಸಿದಳು. ನಾನು ಹೇಳಿದೆ. ತಪ್ಪು ಆಕಳದ್ದಲ್ಲ, ಔಷಧದ್ದಲ್ಲ, ನನ್ನದು. ನಾನು ಬಿಸಿಲಿನ ಊರಿನವಳು, ಚಳಿಯ ಲೆಕ್ಕ ನನಗೆ ತಿಳಿಯಲಿಲ್ಲ. ಇಂಗ್ಲಿಷು ಸಾಲದೆ ಕೊನೆಗೆ ಕನ್ನಡದಲ್ಲೇ ಹೇಳಿದೆ, "ತಪ್ಪಾತವ್ವಾ ನಂದು."

ನಾರಾ ತನ್ನ ಎರಡೂ ಕೈ ನೋಡಿಕೊಂಡಳು. ದುಲ್ಮಾ ಏನೋ ಒರಟಾಗಿ ಹೇಳಿ ಹೊರಗೆ ಹೋದಳು. ಒಯುನ್ ಅನುವಾದ ಮಾಡಲಿಲ್ಲ, ನಾನು ಕೇಳಲಿಲ್ಲ. ಒಯುನ್ ನಾರಾಳ ರಕ್ತ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸುವ ಏರ್ಪಾಟು ಮಾಡಿದಳು. ಆಕಳನ್ನು ಬೇರೆ ಕಟ್ಟಿಸಿದಳು. ಬಕೀಟಿನ ಹಾಲನ್ನು ಕುದಿಸದೆ ಯಾರೂ ಮುಟ್ಟಬಾರದು ಎಂದು ಎರಡು ಸಲ ಹೇಳಿದಳು. ನಾನು ಹೊಸಿಲ ಆಚೆ ನಿಂತೇ ಇದ್ದೆ. ಯಾರೂ ಕೂಡು ಅನ್ನಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ದುಲ್ಮಾ ತಿರುಗಿ ಬಂದು ಒಯುನ್‌ಳನ್ನು ಕೇಳಿದಳು: "ಇವಳು ಹೇಳದಿದ್ದರೆ ನಮಗೆ ಯಾವಾಗ ಗೊತ್ತಾಗುತ್ತಿತ್ತು?"

"ಚಳಿಗಾಲ ಮುಗಿದ ಮೇಲೆ."

"ಅಷ್ಟರಲ್ಲಿ ಹೆರಿಗೆಯಾಗಿರುತ್ತಿತ್ತು" ಎಂದಳು ದುಲ್ಮಾ. ಆಮೇಲೆ ನನ್ನ ತೋಳು ಹಿಡಿದು ಒಳಗೆ ಎಳೆದು ಒಲೆಯ ಪಕ್ಕ ಕೂಡಿಸಿದಳು. ನನ್ನ ಕೈ ತಣ್ಣಗಿದ್ದವು. ಅವುಗಳನ್ನು ತನ್ನ ಮಡಚದ ಬೆರಳುಗಳ ನಡುವೆ ತಿಕ್ಕಿದಳು. ಅವ್ವ ಹೋದ ಮೇಲೆ ಯಾರೂ ನನ್ನನ್ನು ಹಾಗೆ ಮುಟ್ಟಿರಲಿಲ್ಲ.

ನಾವು ಹೊರಟಾಗ ಅವಳು ಸೌಟು, ಒಲೆಯ ಮೇಲಿಂದ ಇಳಿಸಿದ ಪಾತ್ರೆ ಹಿಡಿದು ಜೀಪಿನ ಹಿಂದೆ ಬಂದಳು. ದೂರ ಹೋಗುವವರ ಹಿಂದೆ ಹಾಲು ಚಿಮುಕಿಸುವುದು ಅಲ್ಲಿಯ ಪದ್ಧತಿ. ಆಗ ತಾನೇ ಹಿಂಡಿದ ಹಸಿ ಹಾಲೇ ಆಗಬೇಕು ಎಂದು ಒಯುನ್ ಹೇಳಿದಳು. ನಾನು ಕನ್ನಡಿಯಲ್ಲಿ ನೋಡಿದೆ. ದುಲ್ಮಾ ಸೌಟಿನಿಂದ ಎರಚುತ್ತಿದ್ದ ಹಾಲಿನಿಂದ ಹಬೆ ಏಳುತ್ತಿತ್ತು. ನೆಲಕ್ಕೆ ಚೆಲ್ಲುವ ಹಾಲನ್ನೂ ಕುದಿಸಿ ತಂದಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಒಯುನ್ ಮುಂದೆ ನೋಡುತ್ತ ಜೀಪು ಓಡಿಸಿದಳು.

ಉಳಿದ ದಿನಗಳಲ್ಲಿ ಕೋಣೆ ಬೆಚ್ಚಗೆ ಮಾಡಿಕೊಂಡೇ ಓದಿದೆ. ಮೊದಲ ಮೂರು ಮುಂಜಾನೆಯ ಹಾಳೆಯ ಮೇಲೆ "ಔಷಧ ತಣ್ಣಗಿತ್ತು, ಓದಿದವಳ ತಪ್ಪು" ಎಂದು ಬರೆದು ನನ್ನ ಹೆಸರು ಹಾಕಿದೆ.

ಬನಹಟ್ಟಿ

ಬಸ್ಸಿನಿಂದ ಇಳಿದು ಆಟೋದಲ್ಲಿ ಮನೆಗೆ ಬಂದೆ. ಮಗ್ಗಗಳು ಎರಡೂ ಕಡೆ ಹೊಡೆದುಕೊಳ್ಳುತ್ತಿದ್ದವು. ಬಾಗಿಲು ತೆರೆದೆ. ಒಳಗೆ ಎಲ್ಲದರ ಮೇಲೂ ನೂಲಿನ ಧೂಳು, ಅವ್ವನ ಖಾಲಿ ಮಂಚ. ಬ್ಯಾಗು ಕೆಳಗಿಟ್ಟೆ. ಕಪಾಟಿನ ಕೀಲಿಕೈ ತೆಗೆದು ಮೊಳೆಗೆ ಹಾಕಿದೆ. ಅದರ ಬೀಗ ಈಗ ಇಲ್ಲ.

ಫೋನು ಸದ್ದು ಮಾಡಿತು. ಬಸಪ್ಪ ಇರಬೇಕೆಂದು ನೋಡಿದರೆ ಒಯುನ್. ನಾರಾಳ ರಕ್ತದಲ್ಲಿ ಏನೂ ಸಿಕ್ಕಿಲ್ಲವಂತೆ, ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕಂತೆ. ದುಲ್ಮಾ ಕೈಗೆ ರಬ್ಬರಿನ ಗವಸು ಹಾಕಿಕೊಂಡು, ಗೊಣಗುತ್ತ ತಾನೇ ಹಿಂಡುತ್ತಿದ್ದಾಳಂತೆ. ಫೋನು ಹತ್ತಲೆಂದು ಇವತ್ತು ಅವಳು ಎರಡು ಸಲ ಗುಡ್ಡ ಹತ್ತಿ ಒಯುನ್‌ಗೆ ಒಂದೇ ಪ್ರಶ್ನೆ ಕೇಳಿದ್ದಾಳೆ: ಆ ಹೆಂಗಸು ಮನೆ ಮುಟ್ಟಿದಳೇ?

ನಾನು ಅವ್ವನ ಮಂಚದ ಮೇಲೆ ಕೂತು ಬರೆದೆ. ಮುಟ್ಟಿದೆ.